ಎಚ್‌ಆರ್ ಪ್ರಮಾಣೀಕರಣ ಪರೀಕ್ಷೆ: ಅರ್ಜಿ ಹಾಕುವ ಮೊದಲು ನಮ್ಮ ಅರ್ಹತೆಯನ್ನು ಅಳೆದುಕೊಳ್ಳುವ ಬಗೆ



ಕಳೆದ ಬಾರಿ ವಿದ್ಯಾರ್ಥಿವೇತನದ ಸಂದರ್ಶನ ಮುಗಿದ ಮೇಲೆ ಬಿ.ಕಾಂ ಓದಿದ ಒಬ್ಬ ಯುವಕ ಹೊರಗೆ ಹೋಗದೆ ಬಾಗಿಲ ಬಳಿಯೇ ನಿಂತಿದ್ದ. ವಿಚಾರಿಸಿದಾಗ ಸಂಕೋಚದಿಂದ ಒಂದು ಕಾಗದ ಮುಂದಿಟ್ಟ. ನಮ್ಮ ವಿದ್ಯಾರ್ಥಿನಿಲಯದ ಕಚೇರಿಯಲ್ಲಿ ಆತ ಎರಡು ವರ್ಷ ‘ಎಚ್‌ಆರ್ ಎಕ್ಸಿಕ್ಯೂಟಿವ್’ ಆಗಿದ್ದನೆಂದು ಅದರಲ್ಲಿ ಬರೆದಿತ್ತು. ನಾವು ಸಹಿ ಹಾಕಿ ಮೊಹರು ಒತ್ತಿದರೆ ಸಾಕಿತ್ತು. ಅವನು ಅಲ್ಲಿ ಸಂಜೆ ಹೊತ್ತು ಹಾಜರಿ ಪುಸ್ತಕ ಬರೆದದ್ದು, ಊಟದ ಲೆಕ್ಕ ನೋಡಿದ್ದು ನಿಜ. ಆದರೆ ಅಂಥ ಹುದ್ದೆಯೇ ನಮ್ಮಲ್ಲಿ ಇರಲಿಲ್ಲ. “ಈ ಪತ್ರವಿದ್ದರೆ ಪರೀಕ್ಷೆಗೆ ಕೂರಬಹುದು ಅಂತ ಕೋಚಿಂಗ್‌ನವರು ಹೇಳಿದ್ರು ಸರ್” ಎಂದ. ಆ ಕೋಚಿಂಗ್‌ಗೆ ತಾಯಿಯ ಬಳೆ ಅಡವಿಟ್ಟು ಹಣ ಕಟ್ಟಿಯಾಗಿತ್ತು.

ನಾವು ಸಹಿ ಹಾಕಲಿಲ್ಲ. ಆದರೆ ಅವನನ್ನು ಹಾಗೆಯೇ ಕಳುಹಿಸಲೂ ಮನಸ್ಸಾಗಲಿಲ್ಲ. ಪರೀಕ್ಷೆಯ ನಿಯಮಗಳನ್ನು ಜೊತೆಗೆ ಕುಳಿತು ಓದಿದೆವು. ಓದಿದ ಮೇಲೆ ತಿಳಿದದ್ದೇನೆಂದರೆ, ಅವನಿಗೆ ಹೊಂದುವ ಒಂದು ಪರೀಕ್ಷೆ ಇತ್ತು. ಅದಕ್ಕೆ ಅನುಭವದ ಪತ್ರವೇ ಬೇಕಿರಲಿಲ್ಲ. ಅಂದು ನಾವು ಒಬ್ಬನಿಗೆ ಹೇಳಿದ್ದನ್ನು ಇಂದು ಎಲ್ಲರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

‘ಪ್ರಮಾಣಪತ್ರ’ ಎಂಬ ಒಂದೇ ಮಾತು, ಎರಡು ವಸ್ತು

ಮೊದಲ ಗೊಂದಲ ಪದದಲ್ಲಿಯೇ ಇದೆ. ಮೂರು ತಿಂಗಳ ತರಗತಿಗೆ ಹಾಜರಾದವರಿಗೆ ಸಂಸ್ಥೆಯೊಂದು ಕೊಡುವ ಕಾಗದವನ್ನೂ ನಾವು ಪ್ರಮಾಣಪತ್ರ ಎನ್ನುತ್ತೇವೆ. ಸ್ವತಂತ್ರ ಸಂಸ್ಥೆಯೊಂದು ಪರೀಕ್ಷೆ ನಡೆಸಿ, ಇಂತಿಷ್ಟು ವರ್ಷ ಚಾಲ್ತಿಯಲ್ಲಿರುವಂತೆ ಕೊಡುವ ವೃತ್ತಿ ಮಾನ್ಯತೆಯನ್ನೂ ಪ್ರಮಾಣಪತ್ರ ಎಂದೇ ಕರೆಯುತ್ತೇವೆ. ಮೊದಲನೆಯದು ನೀವು ತರಗತಿಗೆ ಬಂದಿದ್ದೀರಿ ಎನ್ನುತ್ತದೆ. ಎರಡನೆಯದು ನಿಮ್ಮ ತಿಳಿವಳಿಕೆಯನ್ನು ಅಳೆದು ನೋಡಲಾಗಿದೆ ಎನ್ನುತ್ತದೆ. ಈ ಲೇಖನದಲ್ಲಿ ನಾವು ಹೇಳುತ್ತಿರುವುದು ಎರಡನೆಯದರ ವಿಷಯ. ಗೊಂದಲ ಬೇಡವೆಂದು ಅದನ್ನು ‘ಪ್ರಮಾಣೀಕರಣ’ ಎಂದು ಕರೆಯೋಣ.

ಮಾನವ ಸಂಪನ್ಮೂಲ ಅಂದರೆ ಎಚ್‌ಆರ್ ಕ್ಷೇತ್ರದಲ್ಲಿ ಹೆಚ್ಚು ಪರಿಚಿತವಾದ ಪ್ರಮಾಣೀಕರಣಗಳನ್ನು ಕೊಡುವ ಎರಡು ಸಂಸ್ಥೆಗಳೂ ಅಮೆರಿಕದವು, ಎರಡೂ ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾ ನಗರದಲ್ಲಿವೆ. ಒಂದು ಎಚ್‌ಆರ್‌ಸಿಐ, ಅಂದರೆ ಎಚ್‌ಆರ್ ಸರ್ಟಿಫಿಕೇಶನ್ ಇನ್‌ಸ್ಟಿಟ್ಯೂಟ್. ಇನ್ನೊಂದು ಎಸ್‌ಎಚ್‌ಆರ್‌ಎಂ, ಅಂದರೆ ಸೊಸೈಟಿ ಫಾರ್ ಹ್ಯೂಮನ್ ರಿಸೋರ್ಸ್ ಮ್ಯಾನೇಜ್‌ಮೆಂಟ್. ಇದು 1948ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ವೃತ್ತಿ ಸಂಘ. ಬಹಳ ವರ್ಷ ಈ ಸಂಘದ ಸದಸ್ಯರೂ ಎಚ್‌ಆರ್‌ಸಿಐ ಪರೀಕ್ಷೆಯನ್ನೇ ಬರೆಯುತ್ತಿದ್ದರು. 2015ರಿಂದ ಸಂಘ ತನ್ನದೇ ಪರೀಕ್ಷೆ ನಡೆಸುತ್ತಿದೆ. ಹಾಗಾಗಿ ಇಂದು ಎರಡು ದಾರಿಗಳಿವೆ.

ನಮ್ಮ ಮಕ್ಕಳಿಗೂ ಈ ಪರೀಕ್ಷೆಗಳಿಗೂ ನಂಟೇನು ಎಂದು ಹಿರಿಯರು ಕೇಳುತ್ತಾರೆ. ನಂಟು ಎರಡು ಕಡೆಯಿಂದ ಬಂದಿದೆ. ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಗಳ ಎಚ್‌ಆರ್ ಹುದ್ದೆಗಳ ಜಾಹೀರಾತಿನಲ್ಲಿ ಈ ಹೆಸರುಗಳು ಕಾಣಿಸುತ್ತವೆ. ಕರಾವಳಿಯಿಂದ ದಮ್ಮಾಮ್, ಜುಬೈಲ್, ದೋಹಾ, ದುಬೈಗೆ ಹೋದ ನಮ್ಮವರಲ್ಲಿ ಅನೇಕರು ಟೈಮ್‌ಕೀಪರ್, ಕ್ಯಾಂಪ್ ಬಾಸ್, ಎಚ್‌ಆರ್ ಅಸಿಸ್ಟೆಂಟ್ ಕೆಲಸಗಳಲ್ಲಿದ್ದಾರೆ. ಮುಂದಿನ ಮೆಟ್ಟಿಲಿಗೆ ಹೋಗಬೇಕೆಂದಾಗ ಅಲ್ಲಿಯೂ ಇದೇ ಹೆಸರುಗಳು ಎದುರಾಗುತ್ತವೆ.

ಯಾವ ಪರೀಕ್ಷೆಗೆ ಯಾರು ಕೂರಬಹುದು

ಎಚ್‌ಆರ್‌ಸಿಐ ಪರೀಕ್ಷೆಗಳ ಹೆಸರಿನ ಕೊನೆಯಲ್ಲಿ ‘ಐ’ ಅಕ್ಷರ ಇದೆಯೇ ಎಂದು ಮೊದಲು ನೋಡಿ. ಅದು ಅಂತಾರಾಷ್ಟ್ರೀಯ ಎಂಬುದರ ಗುರುತು. ‘ಐ’ ಇಲ್ಲದ ಪಿಎಚ್‌ಆರ್ ಪರೀಕ್ಷೆ ಅಮೆರಿಕದಲ್ಲಿ ಕೆಲಸ ಮಾಡುವವರಿಗಾಗಿ ಇರುವಂಥದ್ದು. ಅಲ್ಲಿನ ಕಾನೂನುಗಳನ್ನು ಅದು ಆಳವಾಗಿ ಕೇಳುತ್ತದೆ. ಅಮೆರಿಕದ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆಯನ್ನು ಬಾಯಿಪಾಠ ಮಾಡಿ ಪೀಣ್ಯದ ಕಾರ್ಖಾನೆಗೋ ದೋಹಾದ ಕಂಪನಿಗೋ ಹೋಗುವವರಿಗೆ ಏನು ಪ್ರಯೋಜನ? ನಮ್ಮವರಿಗೆ ಹೊಂದುವುದು ಎಪಿಎಚ್‌ಆರ್‌ಐ, ಪಿಎಚ್‌ಆರ್‌ಐ, ಎಸ್‌ಪಿಎಚ್‌ಆರ್‌ಐ ಎಂಬ ಮೂರು. ಹಳೆಯ ಪುಸ್ತಕದಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ದಪ್ಪ ಗೈಡುಗಳು ಬಹುಪಾಲು ಅಮೆರಿಕದ ಪರೀಕ್ಷೆಯವು. ಕೊಳ್ಳುವ ಮುನ್ನ ರಕ್ಷಾಪುಟ ನೋಡಿ.

ಈ ಮೂರರ ಅರ್ಹತೆ ಹೀಗಿದೆ:

1. ಎಪಿಎಚ್‌ಆರ್‌ಐ: ಈ ಕ್ಷೇತ್ರಕ್ಕೆ ಈಗಷ್ಟೇ ಬರುವವರಿಗೆ. ಕೆಲಸದ ಅನುಭವ ಬೇಕೆಂಬ ಷರತ್ತಿಲ್ಲ.

2. ಪಿಎಚ್‌ಆರ್‌ಐ: ಸ್ನಾತಕೋತ್ತರ ಪದವಿ ಇದ್ದವರಿಗೆ ಕನಿಷ್ಠ 1 ವರ್ಷ, ಪದವಿ ಇದ್ದವರಿಗೆ 2 ವರ್ಷ, ಶಾಲಾ ಶಿಕ್ಷಣ ಮಾತ್ರ ಮುಗಿಸಿದವರಿಗೆ 4 ವರ್ಷ, ವೃತ್ತಿಪರ ಮಟ್ಟದ ಎಚ್‌ಆರ್ ಅನುಭವ ಬೇಕು.

3. ಎಸ್‌ಪಿಎಚ್‌ಆರ್‌ಐ: ಇದು ಹಿರಿಯರ ಪರೀಕ್ಷೆ. ಅದೇ ಕ್ರಮದಲ್ಲಿ 4, 5 ಮತ್ತು 7 ವರ್ಷಗಳ ಅನುಭವ ಬೇಕು.

ಎಸ್‌ಎಚ್‌ಆರ್‌ಎಂ ದಾರಿಯಲ್ಲಿ ಎರಡು ಪರೀಕ್ಷೆಗಳಿವೆ. ಎಸ್‌ಎಚ್‌ಆರ್‌ಎಂ-ಸಿಪಿ ಪರೀಕ್ಷೆಗೆ ಪದವಿಯಾಗಲಿ ಎಚ್‌ಆರ್ ಎಂಬ ಹುದ್ದೆಯ ಹೆಸರಾಗಲಿ ಕಡ್ಡಾಯವಲ್ಲ. ಆದರೆ ಪ್ರಶ್ನೆಗಳು ಕೆಲಸದ ಒಳಗಿನ ಸನ್ನಿವೇಶಗಳನ್ನು ಇಟ್ಟುಕೊಂಡು ಬರುತ್ತವೆ. ಕಚೇರಿಯ ಒಳಹೊರಗು ಕಾಣದವರಿಗೆ ಕಷ್ಟ. ಹಿರಿಯ ಹಂತದ ಎಸ್‌ಸಿಪಿ ಪರೀಕ್ಷೆಗೆ ಕಾರ್ಯನೀತಿ ರೂಪಿಸುವ ಮಟ್ಟದಲ್ಲಿ ಕನಿಷ್ಠ 3 ವರ್ಷ ಕೆಲಸ ಮಾಡಿರಬೇಕು.

‘ವೃತ್ತಿಪರ ಮಟ್ಟ’ ಎಂದರೇನು

ಬಹಳ ಮಂದಿ ಎಡವುವುದು ಈ ಎರಡು ಪದಗಳಲ್ಲಿ. ಎಚ್‌ಆರ್ ವಿಭಾಗದಲ್ಲಿ ಕುರ್ಚಿ ಇದ್ದಷ್ಟು ದಿನವೆಲ್ಲ ಅನುಭವ ಎಂದು ನಾವು ಎಣಿಸುತ್ತೇವೆ. ಪರೀಕ್ಷಾ ಸಂಸ್ಥೆ ಹಾಗೆ ಎಣಿಸುವುದಿಲ್ಲ. ಅದು ಕೇಳುವುದು ಇಷ್ಟು: ಕೆಲಸದಲ್ಲಿ ನಿಮ್ಮ ಸ್ವಂತ ವಿವೇಚನೆಗೆ ಅವಕಾಶ ಇತ್ತೇ? ಸ್ವಲ್ಪವಾದರೂ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಇತ್ತೇ? ಮಾಹಿತಿ ಕಲೆಹಾಕಿ, ಅದನ್ನು ವಿಶ್ಲೇಷಿಸಿ, ಅರ್ಥ ಹೇಳುವ ಜವಾಬ್ದಾರಿ ಇತ್ತೇ? ತೀರ್ಮಾನ ಕೈಗೊಳ್ಳುವ ಹಿರಿಯರೊಂದಿಗೆ ನೇರ ಒಡನಾಟ ಇತ್ತೇ? ಫಲಿತಾಂಶ ಕೆಟ್ಟರೆ ಉತ್ತರ ಕೊಡಬೇಕಾದವರು ನೀವಾಗಿದ್ದಿರೇ?

ನಮ್ಮ ಬಳಿಗೆ ಬರುವಂಥ ಅಭ್ಯರ್ಥಿಗಳನ್ನು ಕಣ್ಣ ಮುಂದಿಟ್ಟುಕೊಂಡು ಮೂರು ಮಾದರಿಗಳನ್ನು ನೋಡೋಣ.

ಮೊದಲ ಮಾದರಿ: ಬಿ.ಕಾಂ ಪದವೀಧರೆ. 2023ರ ಜುಲೈನಲ್ಲಿ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಟೈಮ್ ಆಫೀಸಿಗೆ ಸೇರಿದರು. ಪಂಚಿಂಗ್ ಯಂತ್ರದ ಹಾಜರಿ ತೆಗೆಯುವುದು, ಓಟಿ ತಾಸು ಕೂಡಿಸುವುದು, ರಜೆ ಚೀಟಿ ಅಂಟಿಸುವುದು ಕೆಲಸ. 2025ರ ಏಪ್ರಿಲ್‌ನಲ್ಲಿ ಎಚ್‌ಆರ್ ಎಕ್ಸಿಕ್ಯೂಟಿವ್ ಆಗಿ ಬಡ್ತಿ ಬಂತು. ಹೊಸಬರ ಸಂದರ್ಶನ, ಗೈರುಹಾಜರಿಯ ಕಾರಣಗಳ ವರದಿ, ದೂರುಗಳ ಮೊದಲ ವಿಚಾರಣೆ ಅವರ ಪಾಲಿಗೆ ಬಂತು. ಇವರ ಗಡಿಯಾರ ಓಡತೊಡಗುವುದು 2023ರಿಂದಲ್ಲ, 2025ರ ಏಪ್ರಿಲ್‌ನಿಂದ. ಪದವಿಗೆ 2 ವರ್ಷ ಬೇಕಾದ್ದರಿಂದ ಪಿಎಚ್‌ಆರ್‌ಐ ಅರ್ಹತೆ ಬರುವುದು 2027ರ ಏಪ್ರಿಲ್‌ಗೆ. ಅಲ್ಲಿಯವರೆಗೆ ಎಪಿಎಚ್‌ಆರ್‌ಐ ಬರೆಯಲು ಅಡ್ಡಿಯಿಲ್ಲ.

ಎರಡನೆಯ ಮಾದರಿ: ಎಂಬಿಎ ಅಥವಾ ಎಂಎಸ್‌ಡಬ್ಲ್ಯೂ ಓದಿ 14 ತಿಂಗಳು ನೇಮಕಾತಿ ಕೆಲಸ ಮಾಡಿದವರು. ಅಭ್ಯರ್ಥಿಗಳನ್ನು ಆರಿಸುವ, ಸಂದರ್ಶನದ ಟಿಪ್ಪಣಿ ಬರೆಯುವ, ವಿಭಾಗದ ಮುಖ್ಯಸ್ಥರಿಗೆ ಶಿಫಾರಸು ಮಾಡುವ ಕೆಲಸವಾಗಿದ್ದರೆ ಒಂದು ವರ್ಷದ ಷರತ್ತು ಪೂರೈಸಿದಂತೆ. ದಿನವಿಡೀ ಫೋನ್ ಮಾಡಿ “ನಾಳೆ ಸಂದರ್ಶನಕ್ಕೆ ಬರ್ತೀರಾ” ಎಂದು ಕೇಳುವುದಷ್ಟೇ ಆಗಿದ್ದರೆ ಅನುಮಾನ. ಓದುವಾಗ ಮಾಡಿದ ಪ್ರಾಜೆಕ್ಟ್ ಅವಧಿಯನ್ನು ಇದರೊಳಗೆ ಸೇರಿಸಲು ಹೋಗಬೇಡಿ.

ಮೂರನೆಯ ಮಾದರಿ: ಪಿಯುಸಿ ಮುಗಿಸಿ ಗಲ್ಫಿಗೆ ಹೋದವರು, ಅಲ್ಲಿ ಏಳು ವರ್ಷ. ಮೊದಲ ಮೂರು ವರ್ಷ ಕ್ಯಾಂಪಿನಲ್ಲಿ ಕೋಣೆ ಹಂಚುವುದು, ಬಸ್ಸಿನ ಪಟ್ಟಿ ಮಾಡುವುದು. ಆಮೇಲೆ ನಾಲ್ಕು ವರ್ಷ ಹೊಸದಾಗಿ ಬಂದ ಕಾರ್ಮಿಕರಿಗೆ ಪರಿಚಯ ತರಬೇತಿ ಕೊಡುವುದು, ಸಂಬಳದ ತಕರಾರು ಕೇಳಿ ಬಗೆಹರಿಸುವುದು, ಶಿಸ್ತು ಪ್ರಕರಣಗಳಲ್ಲಿ ಹೇಳಿಕೆ ಪಡೆದು ಮ್ಯಾನೇಜರ್‌ಗೆ ಸಲಹೆ ಕೊಡುವುದು. ವೀಸಾದಲ್ಲಿ ಇವರ ಹುದ್ದೆ ‘ಕ್ಲರ್ಕ್’ ಎಂದೇ ಇರಬಹುದು. ಆದರೂ ಕೊನೆಯ ನಾಲ್ಕು ವರ್ಷಗಳ ಕೆಲಸ ಪರಿಶೀಲನೆಗೆ ಅರ್ಹ. ಅದನ್ನು ಕಂಪನಿಯ ಎಚ್‌ಆರ್ ಮ್ಯಾನೇಜರ್ ಕೆಲಸದ ವಿವರ ಸಮೇತ ಬರೆದುಕೊಡಬೇಕು. ಇವರು ತಮ್ಮನ್ನು ಕಡಿಮೆ ಅಳೆದುಕೊಳ್ಳುವ ಅಪಾಯವೇ ಹೆಚ್ಚು. ಹುದ್ದೆಯ ಹೆಸರು ಚಿಕ್ಕದೆಂದು ಸುಮ್ಮನಾಗಿಬಿಡುತ್ತಾರೆ.

ಮೂರೂ ಮಾದರಿಗಳಲ್ಲಿ ತೂಗುವುದು ಕೈಯಾರೆ ಮಾಡಿದ ಕೆಲಸ. ದೊಡ್ಡ ಹೆಸರಿನ ಹುದ್ದೆ ಇದ್ದು ಕೆಲಸ ಚಿಕ್ಕದಾಗಿದ್ದರೆ ಅರ್ಹತೆ ಬರುವುದಿಲ್ಲ. ಹೆಸರು ಚಿಕ್ಕದಿದ್ದೂ ಕೆಲಸ ದೊಡ್ಡದಾಗಿದ್ದರೆ ಬರಬಹುದು.

ಅನುಭವ ಪತ್ರದ ವಿಷಯ

ಅರ್ಜಿ ಹಾಕುವಾಗ ಸಾಮಾನ್ಯವಾಗಿ ಎಲ್ಲ ದಾಖಲೆ ಕೇಳುವುದಿಲ್ಲ. “ಯಾರು ನೋಡ್ತಾರೆ?” ಎಂಬ ಧೈರ್ಯ ಇಲ್ಲಿಂದಲೇ ಹುಟ್ಟುತ್ತದೆ. ಆದರೆ ಎಚ್‌ಆರ್‌ಸಿಐ ಕೆಲವು ಅರ್ಜಿಗಳನ್ನು ಹಾಗೆಯೇ ಆರಿಸಿ ಪರಿಶೀಲನೆಗೆ ಒಡ್ಡುತ್ತದೆ. ಆಗ ಪದವಿ ಮತ್ತು ಅನುಭವ ಎರಡಕ್ಕೂ ಪುರಾವೆ ಒದಗಿಸಬೇಕು. ಸುಳ್ಳು ಸಾಬೀತಾದರೆ ಪರೀಕ್ಷೆಯೂ ಹೋಯಿತು, ಹಣವೂ ಹೋಯಿತು, ಹೆಸರೂ ಹೋಯಿತು.

ಇನ್ನೂ ಒಂದು ಮಾತಿದೆ. ಎಚ್‌ಆರ್ ಎಂದರೆ ನಾಳೆ ಬೇರೆಯವರ ಅನುಭವ ಪತ್ರ ಸರಿಯೋ ತಪ್ಪೋ ಎಂದು ನೋಡುವ ಕೆಲಸ. ಇನ್ನೊಬ್ಬರ ಸಂಬಳ, ದೂರು, ಕಾಯಿಲೆ, ಕುಟುಂಬದ ತೊಂದರೆ ಎಲ್ಲವೂ ಗೋಪ್ಯವಾಗಿ ಬಂದು ಸೇರುವ ಕುರ್ಚಿ ಅದು. ಸುಳ್ಳು ಪತ್ರ ಹಿಡಿದು ಆ ಕುರ್ಚಿಗೆ ಬಂದವರು ಅಲ್ಲಿ ನೆಮ್ಮದಿಯಿಂದ ಕೂರುವುದು ಹೇಗೆ? ನಾವು ಅಂದು ಸಹಿ ಹಾಕದೆ ಇದ್ದುದಕ್ಕೆ ನಿಯಮಕ್ಕಿಂತ ಹೆಚ್ಚಾಗಿ ಇದೇ ಕಾರಣ.

ಈಗಿನಿಂದಲೇ ಮಾಡಬೇಕಾದ ಕೆಲಸಗಳು ಇವು. ನೇಮಕಾತಿ ಪತ್ರ, ಬಡ್ತಿ ಪತ್ರ, ಸಂಬಳದ ಚೀಟಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದು ಕಡೆ ಇಡಿ. ಪ್ರತಿ ಆರು ತಿಂಗಳಿಗೊಮ್ಮೆ ಒಂದು ಪುಟದಲ್ಲಿ ನೀವು ಮಾಡಿದ ಕೆಲಸಗಳನ್ನು ದಿನಾಂಕ ಸಮೇತ ಬರೆದಿಡಿ. ಕೆಲಸ ಬಿಡುವಾಗ ಬರೀ ‘ಇಂದಿನಿಂದ ಇಂದಿನವರೆಗೆ ಇದ್ದರು’ ಎಂಬ ಪತ್ರಕ್ಕೆ ಒಪ್ಪಬೇಡಿ. ಜವಾಬ್ದಾರಿಗಳನ್ನೂ ಬರೆದುಕೊಡಿ ಎಂದು ವಿನಯದಿಂದ ಕೇಳಿ. ಪಾಸ್‌ಪೋರ್ಟ್, ಅಂಕಪಟ್ಟಿ, ಅರ್ಜಿ ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಲಿ. ನಮ್ಮಲ್ಲಿ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುವ ರೂಢಿ ಇದೆ. ಪರೀಕ್ಷೆಯ ದಿನ ಗುರುತಿನ ಚೀಟಿ ತಾಳೆಯಾಗದೆ ಬಾಗಿಲಲ್ಲೇ ನಿಲ್ಲುವಂತಾಗಬಾರದು.

ಶುಲ್ಕ, ಪರೀಕ್ಷೆ, ನವೀಕರಣ

ಎಚ್‌ಆರ್‌ಸಿಐ ಪರೀಕ್ಷೆಗೆ ಅರ್ಜಿ ಶುಲ್ಕ ಬೇರೆ, ಪರೀಕ್ಷಾ ಶುಲ್ಕ ಬೇರೆ. ಅರ್ಜಿ ಶುಲ್ಕ 100 ಡಾಲರ್. ಇದು ಮರಳಿ ಬರುವುದಿಲ್ಲ. ಅದರ ಮೇಲೆ ಎಪಿಎಚ್‌ಆರ್‌ಐಗೆ 300, ಪಿಎಚ್‌ಆರ್‌ಐಗೆ 395 ಡಾಲರ್ ಪರೀಕ್ಷಾ ಶುಲ್ಕ ಕೆಲವು ವರ್ಷಗಳಿಂದ ಇದೆ. ಶುಲ್ಕ ಬದಲಾಗುವುದುಂಟು, ಆದ್ದರಿಂದ ಕಟ್ಟುವ ದಿನವೇ ಸಂಸ್ಥೆಯ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ. ಡಾಲರ್ ದರ ಮತ್ತು ಬ್ಯಾಂಕಿನ ವಿದೇಶಿ ವಹಿವಾಟಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಅರ್ಹತೆ ಇಲ್ಲದೆ ಪಿಎಚ್‌ಆರ್‌ಐಗೆ ಅರ್ಜಿ ಹಾಕಿದರೆ ಮೊದಲ 100 ಡಾಲರ್ ಆಗಲೇ ಹೋದಂತೆ. ಒಂದು ಕುಟುಂಬದ ತಿಂಗಳ ದಿನಸಿಯ ಹಣ ಅದು.

ಪರೀಕ್ಷೆ ಇಂಗ್ಲಿಷಿನಲ್ಲಿ, ಕಂಪ್ಯೂಟರ್ ಮೇಲೆ. ಪಿಯರ್ಸನ್ ವಿಯುಇ ಕೇಂದ್ರಕ್ಕೆ ಹೋಗಿ ಬರೆಯಬಹುದು, ಮನೆಯಿಂದಲೂ ಕ್ಯಾಮೆರಾ ಕಣ್ಗಾವಲಿನಲ್ಲಿ ಬರೆಯಬಹುದು. ಮನೆಯಲ್ಲಿ ಜನ ಹೆಚ್ಚು, ಕರೆಂಟು ನೆಟ್ಟು ನೆಚ್ಚುವಂತಿಲ್ಲ ಎನ್ನುವವರು ಕೇಂದ್ರಕ್ಕೇ ಹೋಗುವುದು ಲೇಸು. ಅಂಕ 100ರಿಂದ 700ರವರೆಗಿನ ಅಳತೆಯಲ್ಲಿ ಬರುತ್ತದೆ; 500 ಬಂದರೆ ತೇರ್ಗಡೆ. ಮುಂದಿನ ವರ್ಷಗಳಿಗಾಗಿ ಪರೀಕ್ಷಿಸಿ ನೋಡುವ, ಅಂಕವಿಲ್ಲದ ಕೆಲವು ಪ್ರಶ್ನೆಗಳೂ ನಡುನಡುವೆ ಇರುತ್ತವೆ. ಅವು ಯಾವುವೆಂದು ಗೊತ್ತಾಗುವುದಿಲ್ಲ. ಆದ್ದರಿಂದ ವಿಚಿತ್ರ ಪ್ರಶ್ನೆ ಬಂದರೆ ಎದೆಗುಂದದೆ ಉತ್ತರಿಸಿ ಮುಂದೆ ಹೋಗಿ.

ತೇರ್ಗಡೆಯಾದರೆ ಮಾನ್ಯತೆ 3 ವರ್ಷಕ್ಕೆ. ಆ ಅವಧಿಯಲ್ಲಿ ತರಬೇತಿ, ಓದು, ಕೆಲಸಗಳಿಂದ ಪಿಎಚ್‌ಆರ್‌ಐಗೆ 60, ಎಪಿಎಚ್‌ಆರ್‌ಐಗೆ 45 ನವೀಕರಣ ಅಂಕ ಕೂಡಿಸಿದರೆ ಮುಂದುವರಿಸಬಹುದು. ಇಲ್ಲವಾದರೆ ಮತ್ತೆ ಪರೀಕ್ಷೆ.

ಓದುವ ಕ್ರಮ, ಮೂರು ಅಭ್ಯಾಸ ಪ್ರಶ್ನೆ

ಪರೀಕ್ಷೆಯ ವಿಷಯಸೂಚಿಯನ್ನು ಸಂಸ್ಥೆ ಉಚಿತವಾಗಿ ಕೊಡುತ್ತದೆ. ಯಾವ ಭಾಗಕ್ಕೆ ಎಷ್ಟು ತೂಕ ಎಂಬುದೂ ಅದರಲ್ಲಿ ಇದೆ. ಪುಸ್ತಕ, ಕೋಚಿಂಗ್ ಯಾವುದಕ್ಕೂ ಹಣ ಕೊಡುವ ಮೊದಲು ಅದನ್ನು ಮುದ್ರಿಸಿಕೊಂಡು ಪ್ರತಿ ಸಾಲಿನ ಪಕ್ಕ ಗುರುತು ಹಾಕಿ: ಗೊತ್ತು, ಅರ್ಧ ಗೊತ್ತು, ಗೊತ್ತಿಲ್ಲ. ಕೆಲಸದಲ್ಲಿ ಇರುವವರಿಗೆ ದಿನಕ್ಕೆ ಒಂದು ಗಂಟೆಯಂತೆ ನಾಲ್ಕು ತಿಂಗಳು ಸಾಕಾಗುತ್ತದೆ ಎಂಬುದು ನಮ್ಮ ಅಂದಾಜು. ಮೊದಲ ಮೂರು ತಿಂಗಳು ಪಾಠ, ಕೊನೆಯ ತಿಂಗಳು ಸಮಯ ಇಟ್ಟುಕೊಂಡು ಅಭ್ಯಾಸ ಪರೀಕ್ಷೆ. ಪ್ರಶ್ನೆಗಳ ರೀತಿ ತಿಳಿಯಲೆಂದು ನಾವೇ ಮೂರನ್ನು ಮಾಡಿದ್ದೇವೆ.

ಪ್ರಶ್ನೆ 1: ಒಂದು ಕಾರ್ಖಾನೆಯಲ್ಲಿ ವರ್ಷದ ಸರಾಸರಿ ನೌಕರರ ಸಂಖ್ಯೆ 240. ವರ್ಷದಲ್ಲಿ 36 ಮಂದಿ ಕೆಲಸ ಬಿಟ್ಟರು. ಬಿಟ್ಟುಹೋಗುವವರ ಪ್ರಮಾಣ ಎಷ್ಟು?

36ನ್ನು 240ರಿಂದ ಭಾಗಿಸಿ 100ರಿಂದ ಗುಣಿಸಿ: ಶೇ. 15. ಲೆಕ್ಕ ಸುಲಭ, ತಪ್ಪಾಗುವುದು ಛೇದದಲ್ಲಿ. ವರ್ಷಾಂತ್ಯದ ಸಂಖ್ಯೆಯನ್ನು ಹಿಡಿದವರಿಗೆ ಉತ್ತರ ತಪ್ಪುತ್ತದೆ, ಹಿಡಿಯಬೇಕಾದದ್ದು ಸರಾಸರಿ. ಮುಂದಿನ ಪ್ರಶ್ನೆಯಾಗಿ, ಆ 36ರಲ್ಲಿ 24 ಮಂದಿ ಸೇರಿದ ಮೂರು ತಿಂಗಳೊಳಗೆ ಬಿಟ್ಟಿದ್ದರೆ ಮೊದಲು ಯಾವುದನ್ನು ಪರಿಶೀಲಿಸಬೇಕು ಎಂದು ಕೇಳಬಹುದು. ಆಗ ಉತ್ತರ ನೇಮಕಾತಿ ಮತ್ತು ಹೊಸಬರ ಪರಿಚಯ ತರಬೇತಿಯ ಕಡೆ ಇರುತ್ತದೆ, ನಿವೃತ್ತಿ ಸೌಲಭ್ಯದ ಕಡೆ ಇರುವುದಿಲ್ಲ.

ಪ್ರಶ್ನೆ 2: ಐವರ ಮಾಸಿಕ ಸಂಬಳ 15, 18, 18, 20 ಮತ್ತು 79 ಸಾವಿರ ರೂಪಾಯಿ. ಈ ಗುಂಪಿನ ಸಾಮಾನ್ಯ ಸಂಬಳವನ್ನು ಯಾವ ಅಳತೆ ಸರಿಯಾಗಿ ತೋರಿಸುತ್ತದೆ?

ಒಟ್ಟು 150 ಸಾವಿರ, ಸರಾಸರಿ 30 ಸಾವಿರ. ಆದರೆ ಐವರಲ್ಲಿ ನಾಲ್ವರಿಗೆ 30 ಸಾವಿರದ ಹತ್ತಿರವೂ ಬರುವುದಿಲ್ಲ. ಸಾಲಾಗಿ ಇಟ್ಟಾಗ ನಡುವೆ ನಿಲ್ಲುವ ಮಧ್ಯಾಂಕ 18 ಸಾವಿರ; ಅದೇ ಸರಿ. ‘ನಮ್ಮಲ್ಲಿ ಸರಾಸರಿ ಸಂಬಳ ಇಷ್ಟು’ ಎಂಬ ಜಾಹೀರಾತು ಓದುವಾಗಲೂ ಈ ಪಾಠ ನೆನಪಿಗೆ ಬರಲಿ.

ಪ್ರಶ್ನೆ 3: ಮಹಿಳಾ ನೌಕರರೊಬ್ಬರು ನಿಮ್ಮ ಬಳಿ ಬಂದು ಮೇಲ್ವಿಚಾರಕ ಅಸಭ್ಯವಾಗಿ ನಡೆದುಕೊಳ್ಳುತ್ತಿದ್ದಾನೆ ಎನ್ನುತ್ತಾರೆ. “ದಯವಿಟ್ಟು ಯಾರಿಗೂ ಹೇಳಬೇಡಿ” ಎಂದೂ ಕೇಳಿಕೊಳ್ಳುತ್ತಾರೆ. ನೀವು ಮೊದಲು ಏನು ಮಾಡುತ್ತೀರಿ? ಅ) ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುವುದು. ಆ) ಮೇಲ್ವಿಚಾರಕನನ್ನು ಕೂಡಲೇ ಕರೆಸಿ ಗದರಿಸುವುದು. ಇ) ಪೂರ್ತಿ ಕೇಳಿಸಿಕೊಂಡು, ಸಂಬಂಧಪಟ್ಟವರಿಗೆ ಮಾತ್ರ ತಿಳಿಸಬೇಕಾಗುತ್ತದೆ ಎಂದು ವಿವರಿಸಿ, ದೂರು ಕೊಡುವ ಕ್ರಮ ತಿಳಿಸಿ ದಾಖಲಿಸುವುದು. ಈ) ಪುರಾವೆ ತಂದ ಮೇಲೆ ಬನ್ನಿ ಎನ್ನುವುದು.

ಉತ್ತರ ‘ಇ’. ಕನಿಕರದಿಂದ ‘ಅ’ ಆರಿಸುವವರು ಬಹಳ. ಆದರೆ ಉಳಿಸಿಕೊಳ್ಳಲಾಗದ ಮಾತನ್ನು ಕೊಡುವುದು ಆ ಹೆಣ್ಣುಮಗಳಿಗೆ ಮಾಡುವ ಎರಡನೆಯ ಅನ್ಯಾಯ. ನಮ್ಮ ದೇಶದಲ್ಲಿ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ಬರೆಯಲಾಗದವರಿಗೆ ಸಮಿತಿಯೇ ನೆರವಾಗಬೇಕು. ಇದನ್ನು ತಿಳಿದಿರುವ ಎಚ್‌ಆರ್ ಒಬ್ಬರು ಇದ್ದರೆ ಆ ನೌಕರರ ಬದುಕೇ ಬೇರೆಯಾಗುತ್ತದೆ. ಪರೀಕ್ಷೆಯ ಅಂಕಕ್ಕಿಂತ ಅದು ದೊಡ್ಡದು.

ಊರಲ್ಲೇ ಕೆಲಸ ಮಾಡುವವರಿಗೆ ಇನ್ನೊಂದು ಮಾತು

ಪಿಎಚ್‌ಆರ್‌ಐ ಯಾವುದೇ ಒಂದು ದೇಶದ ಕಾನೂನನ್ನು ಕಲಿಸುವುದಿಲ್ಲ. ಹುಬ್ಬಳ್ಳಿಯಲ್ಲೋ ಬೈಕಂಪಾಡಿಯಲ್ಲೋ ಕೆಲಸಕ್ಕೆ ಹೋದರೆ ಮೊದಲ ದಿನವೇ ಎದುರಾಗುವುದು ಪಿಎಫ್, ಇಎಸ್‌ಐ, ಗ್ರಾಚ್ಯುಟಿ. ಕೊನೆಯ ಮಾಸಿಕ ವೇತನ 20,800 ರೂಪಾಯಿ ಇದ್ದ ನೌಕರರು 10 ವರ್ಷ ಸೇವೆ ಮಾಡಿದ್ದರೆ ಗ್ರಾಚ್ಯುಟಿ ಎಷ್ಟು? 26 ದಿನಗಳಿಗೆ ಭಾಗಿಸಿ 15ರಿಂದ ಗುಣಿಸಿದರೆ 12,000. ಹತ್ತು ವರ್ಷಕ್ಕೆ 1,20,000. ಇಷ್ಟನ್ನು ಸಂದರ್ಶನದಲ್ಲಿ ಬಾಯಿಲೆಕ್ಕದಲ್ಲಿ ಹೇಳಿದವರಿಗೆ ವಿದೇಶಿ ಪ್ರಮಾಣೀಕರಣಕ್ಕಿಂತ ಬೇಗ ಕೆಲಸ ಸಿಗುವುದುಂಟು.

29 ಹಳೆಯ ಕಾರ್ಮಿಕ ಕಾನೂನುಗಳನ್ನು ಒಗ್ಗೂಡಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅದಕ್ಕೂ ಹಿಂದಿನ ಪುಸ್ತಕದಿಂದ ಕಾನೂನು ಓದುವವರು ಹೊಸದರೊಂದಿಗೆ ತಾಳೆ ನೋಡಿಕೊಳ್ಳಬೇಕು. ಉದಾಹರಣೆಗೆ, 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಬೇಕಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 250ಕ್ಕೆ ಇಳಿದಿದೆ. ಎಂಎಸ್‌ಡಬ್ಲ್ಯೂ ಓದುವ ನಮ್ಮ ಹೆಣ್ಣುಮಕ್ಕಳು ಈ ಬದಲಾವಣೆಯನ್ನು ಗಮನಿಸಬೇಕು. ಕಾರ್ಖಾನೆ ಕಾಯ್ದೆಯಡಿಯ ಕಲ್ಯಾಣಾಧಿಕಾರಿ ನಿಯಮಗಳು ಬಹುಪಾಲು ಕಾರ್ಮಿಕರು ಆಡುವ ಭಾಷೆ ಬಲ್ಲವರಾಗಿರಬೇಕೆಂದೂ ಕೇಳುತ್ತಿದ್ದವು. ಕನ್ನಡದಲ್ಲಿ ಓದಿ ಬೆಳೆದೆ, ಇಂಗ್ಲಿಷ್ ಕಡಿಮೆ ಎಂದು ಕುಗ್ಗುವವರು ಇದನ್ನು ನೆನಪಿಡಿ: ಕಾರ್ಮಿಕರ ಕಷ್ಟ ಕೇಳುವ ಕೆಲಸದಲ್ಲಿ ಕನ್ನಡವೂ ಒಂದು ಅರ್ಹತೆಯೇ.

ನಮ್ಮಿಂದ ನೆರವು ಕೇಳುವವರಿಗೆ

ವೃತ್ತಿಪರ ಪರೀಕ್ಷೆಯ ಶುಲ್ಕಕ್ಕೆ ನೆರವು ಕೋರುವವರು ಈ ವರದಿಯ ಕೊನೆಯಲ್ಲಿರುವ ನಮೂನೆಯಲ್ಲೇ ಅರ್ಜಿ ಹಾಕಬೇಕು. ಎಚ್‌ಆರ್ ಪರೀಕ್ಷೆಗಾದರೆ ಜೊತೆಗೆ ಇವನ್ನೂ ಇಡಬೇಕೆಂದು ಕೋರುತ್ತೇವೆ:

1. ಯಾವ ಪರೀಕ್ಷೆ, ಯಾವ ನಿಯಮದ ಪ್ರಕಾರ ನೀವು ಅರ್ಹರು ಎಂದು ನಿಮ್ಮದೇ ಮಾತಿನಲ್ಲಿ ಅರ್ಧ ಪುಟ. ಕನ್ನಡದಲ್ಲಿ ಬರೆದರೆ ಸಾಕು.

2. ಅನುಭವ ತೋರಿಸುವವರು ತಿಂಗಳುಗಳ ಲೆಕ್ಕ ಮತ್ತು ಆ ತಿಂಗಳುಗಳಲ್ಲಿ ಮಾಡಿದ ಕೆಲಸದ ವಿವರ.

3. ಗುರುತು ಹಾಕಿದ ವಿಷಯಸೂಚಿಯ ಪ್ರತಿ.

ಮೊದಲು ಕೋಚಿಂಗ್‌ಗೆ ಹಣ ಕಟ್ಟಿ ಆಮೇಲೆ ನಮ್ಮ ಬಳಿ ಬರಬೇಡಿ. ಮೊದಲು ಬನ್ನಿ, ನಿಯಮಗಳನ್ನು ಜೊತೆಗೆ ಕುಳಿತು ಓದೋಣ. ಅರ್ಹತೆ ಇನ್ನೂ ಆರು ತಿಂಗಳು ದೂರವಿದ್ದರೆ ಆರು ತಿಂಗಳು ಕಾಯಿರಿ ಎಂದೇ ಹೇಳುತ್ತೇವೆ. ದಾನಿಗಳು ನಂಬಿ ಕೊಟ್ಟ ಹಣ ಮರಳಿ ಬಾರದ ಅರ್ಜಿ ಶುಲ್ಕವಾಗಿ ಹೋಗುವುದು ಯಾರಿಗೂ ಒಳಿತಲ್ಲ.

ಆ ಯುವಕನ ಕಥೆ ಏನಾಯಿತು ಎಂದು ನೀವು ಕೇಳಬಹುದು. ವಿದ್ಯಾರ್ಥಿನಿಲಯದಲ್ಲಿ ಅವನು ನಿಜವಾಗಿ ಮಾಡಿದ ಕೆಲಸವನ್ನು ಇದ್ದಂತೆಯೇ ಬರೆದು ಒಂದು ಪತ್ರ ಕೊಟ್ಟೆವು: ಎರಡು ವರ್ಷ, ಸಂಜೆ ಹೊತ್ತು, ಹಾಜರಿ ಮತ್ತು ಊಟದ ಲೆಕ್ಕ, ಒಂದು ದಿನವೂ ತಪ್ಪಿಲ್ಲ. ಆ ಪತ್ರ ಹಿಡಿದು ಒಂದು ಕಾರ್ಖಾನೆಯ ಟೈಮ್ ಆಫೀಸಿಗೆ ಸೇರಿದ. ಕಳೆದ ಚಳಿಗಾಲದಲ್ಲಿ ಎಪಿಎಚ್‌ಆರ್‌ಐ ಬರೆದು ತೇರ್ಗಡೆಯಾದ. ಬಳೆ ಇನ್ನೂ ಬಿಡಿಸಿಕೊಂಡಿಲ್ಲ, ಕಂತು ನಡೆಯುತ್ತಿದೆ. ಮೊನ್ನೆ ಬಂದಾಗ ಜೇಬಿನಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದು ತೋರಿಸಿದ. ತನ್ನ ಕೈಗೆ ಬಂದ ಮೊದಲ ದೂರಿನ ವಿಚಾರಣೆಯ ದಿನಾಂಕವನ್ನು ಅದರಲ್ಲಿ ಬರೆದಿಟ್ಟಿದ್ದ. “ಇಲ್ಲಿಂದ ಎಣಿಸಬಹುದಾ ಸರ್?” ಎಂದು ಕೇಳಿದ. ಆ ಕೆಲಸ ನಿನ್ನ ಪಾಲಿಗೆ ಖಾಯಂ ಆಗಿ ಬಂದು ಆದೇಶ ಕೈಗೆ ಸಿಕ್ಕ ದಿನದಿಂದ ಎಣಿಸು ಎಂದೆವು. ತಲೆಯಾಡಿಸಿ, ಅದನ್ನೂ ಬರೆದುಕೊಂಡ.